ಬೆಂಕಿಬೆಟ್ಟದಲ್ಲಿ ವರಪರೀಕ್ಷೆ

ಬೇರೆಯವರ ಬದುಕಿನಲ್ಲಿ ಘಟನೆಗಳು ನಡೆಯುತ್ತವೆ. ನನ್ನ ಬದುಕಿನಲ್ಲಿ ಅವು ಮುಗ್ಗರಿಸಿಕೊಂಡು ಬರುತ್ತವೆ. ರಿಟೈರಾದ ಮೇಲಾದರೂ ನಿಂತಾವು ಅಂದುಕೊಂಡಿದ್ದೆ. ಮೊನ್ನೆ ಗ್ರೋಸರಿಗೆ ಹೋದವನು ಯಾರದೋ ಗಾಡಿ ತಳ್ಳಿಕೊಂಡು ಅರ್ಧ ಅಂಗಡಿ ಸುತ್ತಿದೆ. ಗಾಡಿಯ ಯಜಮಾನಿ ಹಿಂದಿನಿಂದ ಬಂದು, "ಬೆಂಡೆಕಾಯಿ ಎಳೇದು ನೋಡಿ ಆರಿಸಿದೀರಿ, ಥ್ಯಾಂಕ್ಸ್," ಅಂದರು. ಇರಲಿ. ಈಗ ಹೇಳಹೊರಟಿದ್ದು ಎಂಬತ್ತರ ದಶಕದ್ದು. ಆಗ ನಾನು ಅಮೆರಿಕದಲ್ಲಿ, ವಾಲ್ನಟ್ ಕ್ರೀಕಿನ ಒಂದು ಆಫೀಸಿನಲ್ಲಿ ಎಂಜಿನಿಯರು. ನನ್ನ ಕೈಕೆಳಗೆ ಮಂಡ್ಯ ಕಡೆಯ ಹುಡುಗನೊಬ್ಬ. ಕೆಲಸದಲ್ಲಿ ಹುಲಿ, ಹೆಣ್ಣುಮಕ್ಕಳ ಎದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು. ಊರಿಗೆ ಹೋಗಿ ನೋಡಿದ ಹುಡುಗಿಯರೆಲ್ಲ "ಹುಡುಗ ಒಳ್ಳೆಯವನು, ಆದರೆ ಮೂಗನಾ?" ಅಂತ ಕೇಳಿ ಕಳಿಸಿದ್ದರಂತೆ.

ಆ ವರ್ಷ ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬ ಹುಡುಗಿ ಅನ್ನದ ಬೇಸಿನ್ನು ಹಿಡಿದು ಬಡಿಸುತ್ತಾ ಬಂದಳು. "ಸಾಕು ಅನ್ನೋವರೆಗೂ ಹಾಕ್ತೀನಿ ನೋಡಿ," ಅಂದಳು ಇವನಿಗೆ. ಇವನಿಗೆ ಸಾಕು ಅನ್ನುವಷ್ಟೂ ಬಾಯಿ ಬರಲಿಲ್ಲ. ಗೋಪುರದಂಥ ಅನ್ನವನ್ನು ತಲೆ ತಗ್ಗಿಸಿ ಉಂಡು ಮುಗಿಸಿದ. ಸೋಮವಾರ ನನ್ನ ಟೇಬಲ್ಲಿನ ಹತ್ತಿರ ಬಂದು, "ಸಾರ್, ಆದ್ರೆ ಅವಳನ್ನೇ. ಇಲ್ದಿದ್ರೆ ನಂಗೆ ಮದುವೇನೇ ಬ್ಯಾಡ," ಅಂದ. ಅವನ ಅಪ್ಪ-ಅಮ್ಮ ಮಂಡ್ಯದಲ್ಲಿ. ಹಾಗಾಗಿ ಇಲ್ಲಿ ಗಂಡಿನ ಕಡೆಯ ಹಿರಿಯ ಅಂದರೆ ನಾನೇ.

ಫೋನಿನಲ್ಲಿ ಬಂದ ಷರತ್ತು

ಹುಡುಗಿಯ ಅಪ್ಪ ಇದ್ದದ್ದು ಕ್ಯುಪರ್ಟಿನೋದಲ್ಲಿ. ಬೆಂಗಳೂರಿನವರು, ಮೃದುವಾದ ಮನುಷ್ಯ. ಫೋನು ಮಾಡಿ ವಿಷಯ ಹೇಳಿದೆ.

"ನಮ್ಮದೇನೂ ಅಡ್ಡಿ ಇಲ್ಲ. ಆದರೆ ಹುಡುಗಿ ಮನೇಲಿಲ್ಲವಲ್ಲ."

"ಎಲ್ಲಿದಾಳೆ?"

"ಬೆಂಕಿಬೆಟ್ಟದ ಮೇಲೆ."

ಮಗಳ ಮೇಲಿನ ಸಿಟ್ಟಿಗೆ ಹಾಗಂದರೋ ಏನೋ ಅಂದುಕೊಂಡೆ. ಅವರೇ ಬಿಡಿಸಿ ಹೇಳಿದರು. ಹುಡುಗಿ ಓದುತ್ತಿರುವುದು ಭೂಗರ್ಭಶಾಸ್ತ್ರ. ಬೇಸಿಗೆ ಪೂರ್ತಿ ಉತ್ತರದ ಲ್ಯಾಸೆನ್ ಬೆಟ್ಟದ ಬುಡದಲ್ಲಿ ಟೆಂಟು. ಹಿಂದೊಮ್ಮೆ ಬೆಂಕಿ ಕಾರಿದ ಆ ಬೆಟ್ಟ ಈಗಲೂ ಒಳಗೊಳಗೇ ಮಿಸುಕಾಡುತ್ತದಂತೆ. ಅದರ ನಡುಕ ಅಳೆಯುವ ಪೆಟ್ಟಿಗೆಗಳನ್ನು ಇಳಿಜಾರಿನಲ್ಲಿ ಅಲ್ಲಲ್ಲಿ ಇಟ್ಟಿದ್ದಾರೆ. ಇವಳು ದಪ್ಪ ಟೈರಿನ ಸೈಕಲ್ ಹತ್ತಿ, ಜಲ್ಲಿ ದಾರಿಯಲ್ಲಿ ಹೋಗಿ ದಿನಾ ಅವನ್ನು ನೋಡಿಕೊಂಡು ಬರಬೇಕು.

"ತಟ್ಟೆ ಹಿಡ್ಕೊಂಡು ಬಂದು ನಿಲ್ಲಲ್ಲ ಅಂತ ಹೇಳ್ಬಿಟ್ಟಿದಾಳೆ. ನೋಡಬೇಕು ಅನ್ನೋರು ಸೈಕಲ್ ತಗೊಂಡು ಬೆಟ್ಟಕ್ಕೆ ಬರಲಿ, ನನ್ನ ಜೊತೆ ಒಂದು ಸುತ್ತು ಹೊಡೀಲಿ ಅಂತಾಳೆ. ಇದಕ್ಕೆ ಮುಂಚೆ ಇಬ್ಬರು ಕೇಳಿದ್ರು, ಅವರಿಗೂ ಹೀಗೇ ಹೇಳಿದ್ವಿ. ಒಬ್ಬರು ಫೋನ್ ಇಟ್ಟರು."

"ಇನ್ನೊಬ್ಬರು?"

"ಅಲ್ಲಿ ಉಪ್ಪಿಟ್ಟು ಇರುತ್ತಾ ಅಂತ ಕೇಳಿ, ಆಮೇಲೆ ಇಟ್ಟರು."

ಏನೇನೂ ಇಲ್ಲದ ಸೈಕಲ್ಲು

ಇಂಥ ದಪ್ಪ ಟೈರಿನ ಸೈಕಲ್ಲು ಆಗಿನ್ನೂ ಹೊಸದು. ಅದನ್ನು ಕಂಡುಹಿಡಿದ ತಲೆಕೆಟ್ಟವರು ನಮ್ಮ ಬೇ ಏರಿಯಾದವರೇ, ಕೊಲ್ಲಿಯ ಸೇತುವೆಯ ಆಚೆ ಕಡೆಯವರು. ಹಿರಿಯನಾದವನು ಜೊತೆಗೆ ಹೋಗದಿದ್ದರೆ ಹೇಗೆ ಎಂದು ನನಗೂ ಒಂದು ಕೊಳ್ಳಲು ಅಂಗಡಿಗೆ ಹೋದೆ. ಮೈಸೂರಿನಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಓಡಾಡಿದವನು. ಸೈಕಲ್ಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸ್ಟ್ಯಾಂಡ್ ಎಲ್ಲಿ?" ಅಂದೆ.

ಅಂಗಡಿಯವನಿಗೆ ಸೊಂಟದವರೆಗೆ ಜುಟ್ಟು. "ಇದಕ್ಕೆ ಸ್ಟ್ಯಾಂಡ್ ಇರಲ್ಲ."

"ನಿಲ್ಲಿಸೋದು ಹೇಗೆ?"

"ಮಲಗಿಸಿ."

"ಬೆಲ್ಲು?"

"ಬೆಟ್ಟದಲ್ಲಿ ಯಾರಿಗೆ ಹೊಡೀತೀರಿ?"

"ಮಡ್‌ಗಾರ್ಡು? ಬಟ್ಟೆಗೆಲ್ಲ ಕೆಸರು ಹಾರುತ್ತಲ್ಲ."

"ಹಾರಲಿ ಅಂತಲೇ ಜನ ಇದನ್ನು ತಗೊಳ್ಳೋದು."

ಕ್ಯಾರಿಯರ್ರು, ಚೈನ್‌ಕವರು, ಡೈನಮೋ, ಬೀಗ, ಒಂದಾದರೂ ಇದೆಯೇ ಅಂದರೆ, ಇಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೇ ಅದಕ್ಕೆ ಅಷ್ಟು ಬೆಲೆಯಂತೆ. ಮನೆಗೆ ತಂದು ಗರಾಜಿನ ನಡುವೆ ಮಲಗಿಸಿದೆ. ಧಾರವಾಡದಿಂದ ಬಂದು ಆರು ತಿಂಗಳು ನಮ್ಮಲ್ಲಿದ್ದ ನನ್ನ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏನ್ರಿ ಅಳಿಯಂದಿರ, ಅರ್ಧಾನ ಕೊಟ್ಟು ಕಳಿಸ್ಯಾರಲ್ಲ. ಉಳಿದದ್ದು ಯಾವಾಗ ಬರ್ತದ?"

ನಾನು ಹುಡುಗಿಯಾದದ್ದು

ವಾಲ್ನಟ್ ಕ್ರೀಕಿನ ಹಿಂದೆ ಬೋಳು ಗುಡ್ಡಗಳಿವೆ. ಶನಿವಾರ ಬೆಳಿಗ್ಗೆ ಅಲ್ಲಿ ತಾಲೀಮು ಶುರುವಾಯಿತು. ನಮ್ಮ ವರ ಏರು ಹತ್ತಿದ ರೀತಿ ನೋಡಿ ನಾನು ದಂಗಾದೆ. ಚಿಕ್ಕಂದಿನಲ್ಲಿ ಹಾಲಿನ ಕ್ಯಾನು ಎರಡು ಕಡೆ ತೂಗುಹಾಕಿ, ಮುಂದೆ ತಮ್ಮನನ್ನು ಕೂರಿಸಿಕೊಂಡು, ನಾಲೆ ಏರಿಯ ಮೇಲೆ ಡೈರಿಗೆ ಹೋಗುತ್ತಿದ್ದವನಂತೆ. ಕಾಲಿಗೆ ತಾಲೀಮು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಬಾಯಿಗೆ.

"ನೋಡು, ನಾನೇ ಹುಡುಗಿ ಅಂತ ತಿಳ್ಕೊ. ಪಕ್ಕದಲ್ಲಿ ಬರ್ತಾ ಇದೀನಿ. ಮಾತಾಡು."

ಅವನು ನನ್ನ ಕಡೆ ತಿರುಗಿ ನೋಡಿದ. ನನ್ನ ಹೊಟ್ಟೆ ನೋಡಿದ. ಮೀಸೆ ನೋಡಿದ. "ಆಗ್ತಾ ಇಲ್ಲ ಸಾರ್."

"ಕಣ್ಣು ಮುಚ್ಕೊ, ಆಗುತ್ತೆ."

ಹಿರಿಯರ ಮಾತು ಮೀರುವವನಲ್ಲ. ಕಣ್ಣು ಮುಚ್ಚಿದ. ಆ ಗುಡ್ಡದಲ್ಲಿ ದನ ಮೇಯಲು ಬಿಡುತ್ತಾರೆ ಎನ್ನುವುದು ನನ್ನ ಲಕ್ಷ್ಯದಲ್ಲಿರಲಿಲ್ಲ. ತಿರುವಿನಲ್ಲಿ ಅಡ್ಡ ನಿಂತಿದ್ದ ದೊಡ್ಡದೊಂದು ಹಸುವಿನ ಪಕ್ಕೆಗೆ ಅವನ ಮುಂದಿನ ಚಕ್ರ ಮೆತ್ತಗೆ ತಾಗಿತು. ಅದು ಕದಲಲಿಲ್ಲ. ನಮ್ಮ ಹಿಂದೆ ಬರುತ್ತಿದ್ದ ಅಮೆರಿಕದ ಸೈಕಲ್ಲಿನವರೂ ನಿಂತರು. ಒಬ್ಬ ಶಿಳ್ಳೆ ಹಾಕಿದ, ಒಬ್ಬ ಚಪ್ಪಾಳೆ ತಟ್ಟಿದ. ಹಸು ಬಾಲ ಕೂಡ ಆಡಿಸಲಿಲ್ಲ.

ನಮ್ಮ ವರ ಇಳಿದು ಅದರ ಗಂಗೆದೊಗಲು ಸವರಿದ. "ಯಾಕವ್ವ, ಬೇಜಾರಾ? ಬಿಸಿಲು ಜಾಸ್ತಿ ಆಯ್ತಾ? ನೀರು ಕುಡುದ್ಯಾ? ಒಸಿ ಅತ್ಲಾಗೆ ಜರುಗವ್ವ, ನಮ್ಮ ಸಾರು ದೊಡ್ಡೋರು, ಏದುಸಿರು ಬಿಡ್ತಾವ್ರೆ."

ಹಸು ಜರುಗಿತು. ನನಗೆ ಕಣ್ಣು ತುಂಬಿ ಬಂತು.

"ಇದನ್ನೇ ಮಾತಾಡಪ್ಪ ಅವಳ ಹತ್ರಾನೂ. ಇಷ್ಟೇ ಸಾಕು."

"ಅದು ಹೆಂಗಾಯ್ತದೆ ಸಾರ್?" ಅಂದ. "ಈ ಹಸು ನನ್ನ ಬ್ಯಾಡ ಅಂದ್ರೂ ನಂಗೇನಾಗಲ್ಲ."

ಒಳಗೆ ಬಿಸಿ, ಹೊರಗೆ ತಣ್ಣಗೆ

ಹೊರಡುವ ದಿನ ಅತ್ತೆಯೂ ಸೀರೆ ಉಟ್ಟು ಕಾರಿನಲ್ಲಿ ಬಂದು ಕೂತರು. ಹೆಣ್ಣು ನೋಡುವ ಕಡೆ ಒಬ್ಬ ಹಿರಿ ಮುತ್ತೈದೆ ಇರಬೇಕಂತೆ. ಕಾರಿನ ಮೇಲೆ ಎರಡು ಸೈಕಲ್ಲು, ಒಳಗೆ ಪುಳಿಯೋಗರೆ, ಹಿಂದಿನ ಸೀಟಿನ ಮೂಲೆಯಲ್ಲಿ ಬೆವರುತ್ತಿದ್ದ ವರ. ಫ್ರೀವೇ ಹಿಡಿದು ಉತ್ತರಕ್ಕೆ ನಾಲ್ಕೈದು ಗಂಟೆ ದಾರಿ.

"ಬೆಂಕಿಬೆಟ್ಟ ಅಂದ್ರ ಈಗ ಉರಿಲಿಕ್ಕತ್ತದೇನು?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಹೊರಗೆ ತಣ್ಣಗಿರುತ್ತೆ, ಮೇಲೆ ಹಿಮ ಕೂಡ ಇರುತ್ತೆ. ಒಳಗೆ ಮಾತ್ರ ಬಿಸಿ."

"ಮತ್ತ ಯಾವಾಗ ಸಿಡೀತದ?"

"ಅದು ಯಾರಿಗೂ ಗೊತ್ತಾಗಲ್ಲ."

"ಹಂಗಂದ್ರ ನಮ್ಮ ಹುಡುಗಿ ಇದ್ದಂಗ ಅನ್ರಿ," ಅಂದರು.

ಅವರ ಹುಡುಗಿ, ಅಂದರೆ ನನ್ನ ಹೆಂಡತಿ, ಮುಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಮುಂದೆ ಎರಡು ಊರು ದಾಟುವವರೆಗೂ ನಾನು ರಸ್ತೆಯ ಮೇಲಿಂದ ಕಣ್ಣು ಕೀಳಲಿಲ್ಲ.

ಜಲ್ಲಿ ದಾರಿ

ಬೆಟ್ಟದ ಬುಡದ ಪೈನ್ ಮರಗಳ ಕೆಳಗೆ ಹುಡುಗಿಯ ಅಪ್ಪ-ಅಮ್ಮ ಮಡಿಸುವ ಕುರ್ಚಿ ಹಾಕಿ, ಫ್ಲಾಸ್ಕು ಇಟ್ಟುಕೊಂಡು ಕಾಯುತ್ತಿದ್ದರು. ಹುಡುಗಿ ಬೂಟಿನ ತುಂಬ ಧೂಳು ಮಾಡಿಕೊಂಡು ಬಂದಳು. "ನಮಸ್ಕಾರ ಅಂಕಲ್. ಹೋಗೋಣ್ವಾ? ಎರಡು ಪೆಟ್ಟಿಗೆ ನೋಡ್ಬೇಕು."

ಹೊರಟೆವು. ದಾರಿ ಪೂರ್ತಿ ಬೂದುಬಣ್ಣದ ಜಲ್ಲಿ. ಒಂದು ತುಳಿತ ಮುಂದೆ ಹೋದರೆ ಚಕ್ರ ಅರ್ಧ ತುಳಿತ ಹಿಂದೆ ಜಾರುತ್ತಿತ್ತು. ನಾನು ಮೊದಲ ತಿರುವಿನಲ್ಲೇ ಇಳಿದು ತಳ್ಳತೊಡಗಿದೆ. ಅವರಿಬ್ಬರೂ ಸಲೀಸಾಗಿ ಏರುತ್ತಿದ್ದರು. ಕಿವಿ ಮಾತ್ರ ನಾನು ಅವರ ಜೊತೆಗೇ ಕಳಿಸಿದ್ದೆ.

"ಈ ಕಲ್ಲು ನೀರಲ್ಲಿ ತೇಲುತ್ತೆ, ಗೊತ್ತಾ?" ಹುಡುಗಿ ಕೇಳಿದಳು.

"ಹೂಂ."

"ನೋಡಿದೀರಾ?"

"ಊಹೂಂ."

"ನಿಮಗೆ ಮಾತು ಬರುತ್ತಾ?"

"ಹೂಂ."

ಮುಗಿಯಿತು ಅಂದುಕೊಂಡೆ. ಮಂಡ್ಯಕ್ಕೆ ಏನಂತ ಬರೆಯಲಿ ಎಂಬ ಯೋಚನೆಯೂ ಶುರುವಾಯಿತು.

ಮೊದಲ ಪೆಟ್ಟಿಗೆ ದಾರಿಯ ತಿರುವಿನಲ್ಲಿತ್ತು. ಒಳಗೊಂದು ಉರುಳೆ, ಅದಕ್ಕೆ ಸುತ್ತಿದ ಕಾಗದ. ಕಾಗದಕ್ಕೆ ಕಾಡಿಗೆಯಂಥ ಮಸಿ ಹಿಡಿಸಿದ್ದರು. ಅದರ ಮೇಲೆ ಒಂದು ಸೂಜಿ ಬಿಳಿ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಭೂಮಿ ಚೂರು ಅಲುಗಿದರೂ ಸೂಜಿ ಕುಣಿಯುತ್ತದೆ. ಹುಡುಗಿ ಹೊಸ ಕಾಗದ ಸುತ್ತಿ, "ಅಂಕಲ್, ನಿಮಗೆ ಸುಸ್ತಾಗಿದೆ, ಇಲ್ಲೇ ಕೂತಿರಿ. ಆದರೆ ಅಲುಗಬೇಡಿ. ಹತ್ತಿರ ಓಡಾಡಿದ್ರೆ ಅದನ್ನೂ ಬರ್ಕೊಂಡ್ಬಿಡುತ್ತೆ," ಅಂದಳು. ಅವರು ಮೇಲಕ್ಕೆ ಹೋದರು. ನಾನು ಬಂಡೆಯ ಮೇಲೆ ಕೂತು ಶ್ರವಣಬೆಳಗೊಳದ ಮೂರ್ತಿಯಂತೆ ಕಲ್ಲಾದೆ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಮೇಲಿನಿಂದ ಜಲ್ಲಿಯ ಸದ್ದು ಬಂತು. ಮೊದಲು ಹುಡುಗಿ ನೀಟಾಗಿ ಇಳಿದು ನನ್ನನ್ನು ದಾಟಿ ಹೋದಳು. ಹಿಂದೆ ನಮ್ಮ ವರ. ಹತ್ತಲು ನಾನು ತಾಲೀಮು ಕೊಡಿಸಿದ್ದೆ. ಜಲ್ಲಿಯಲ್ಲಿ ಇಳಿಯುವುದು ನನ್ನ ತಲೆಗೇ ಬಂದಿರಲಿಲ್ಲ. ಅವನ ಬ್ರೇಕು ಹಿಡಿದಿತ್ತು, ಚಕ್ರ ನಿಂತಿತ್ತು, ಸೈಕಲ್ಲು ಮಾತ್ರ ಬರುತ್ತಲೇ ಇತ್ತು, ಪೆಟ್ಟಿಗೆಗೆ ಮತ್ತು ನನಗೆ ನೇರವಾಗಿ. ಏಳೋಣ ಅಂದರೆ ಅಲುಗಬೇಡಿ ಅಂದಿದ್ದಾಳೆ. ಕೊನೆಯ ಗಳಿಗೆಯಲ್ಲಿ ಅವನು ಹ್ಯಾಂಡಲ್ಲು ಪೂರ್ತಿ ಒಂದು ಕಡೆಗೆ ತಿರುಗಿಸಿದ. ಸೈಕಲ್ಲು ಒಂದು ದಿಕ್ಕಿಗೆ ಹೋಯಿತು, ಅವನು ಇನ್ನೊಂದು ದಿಕ್ಕಿಗೆ ಹಾರಿ, ಪೆಟ್ಟಿಗೆಯ ಪಕ್ಕದಲ್ಲೇ ಅಕ್ಕಿಮೂಟೆ ಎಸೆದಂತೆ ಧೊಪ್ಪನೆ ಬಿದ್ದ.

ಹುಡುಗಿ ಸೈಕಲ್ ಬಿಸಾಕಿ ಓಡಿಬಂದಳು. ಬೂದಿ ಮೆತ್ತಿದ ಮುಖ ಮೇಲೆತ್ತಿ ಅವನು, ಅವತ್ತು ಮೊದಲ ಸಲ, ಒಂದು ಇಡೀ ವಾಕ್ಯ ಹೇಳಿದ.

"ನಿಮ್ಮ ಪೆಟ್ಟಿಗೆಗೆ ಏನೂ ಆಗಿಲ್ಲ ತಾನೇ?"

ಅವಳು ಪೆಟ್ಟಿಗೆ ನೋಡಲಿಲ್ಲ. ಅವನನ್ನೇ ನೋಡಿದಳು. "ನಿಮಗೆ?"

"ನಂಗೇನಾಗುತ್ತೆ. ಹಾಲಿನ ಕ್ಯಾನು, ತಮ್ಮ, ಎಲ್ಲಾ ಸಮೇತ ನಾಲೆಗೇ ಬಿದ್ದೋನು ನಾನು."

"ಹಾಲು?"

"ಅವತ್ತು ನಾಲೆ ಮೀನೆಲ್ಲ ದಪ್ಪಗಾದ್ವು."

ಅವಳು ನಕ್ಕಳು. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಕೆಳಗಿಳಿಯುವವರೆಗೂ ಇಬ್ಬರೂ ಸೈಕಲ್ಲು ತಳ್ಳಿಕೊಂಡು ಮಾತಾಡಿದ್ದೇ ಮಾತಾಡಿದ್ದು. ನಡುವೆ ಒಂದು ಮಾತು ತೂರಿಸಲು ನನಗೇ ಸಂದು ಸಿಗಲಿಲ್ಲ ಅಂದರೆ ನೀವೇ ಊಹಿಸಿ.

ಕೆಳಗೆ ಹುಡುಗಿಯ ಅಪ್ಪ ಅಂಗಿಯ ತೋಳು ಹರಿದ ವರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳ ಮುಖ ನೋಡಿ, ಅರ್ಥ ಮಾಡಿಕೊಂಡರು. ಆದರೂ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. "ನನಗೆ ಒಪ್ಪಿಗೆಯೇ ಅಮ್ಮ. ಜಾತಕ ಒಂದು ನೋಡಿಬಿಟ್ಟರೆ..."

ಹುಡುಗಿ ಇಳಿಯುವಾಗ ಆ ಮೊದಲ ಪೆಟ್ಟಿಗೆಯಿಂದ ಬಿಚ್ಚಿ ತಂದಿದ್ದ ಮಸಿಯ ಕಾಗದವನ್ನು ಅಂಚು ಹಿಡಿದು ಅವರ ಮುಂದೆ ಬಿಚ್ಚಿದಳು. ನಡುವೆ ಒಂದು ಬಿಳಿ ಗೀಟು ಕಾಗದದ ಆ ತುದಿಯಿಂದ ಈ ತುದಿಗೆ ಚಿಮ್ಮಿತ್ತು. "ಇದು ಇವರು ಬಿದ್ದಿದ್ದು. ಭೂಮಿನೇ ಅಲುಗಿದೆ ಅಪ್ಪಾ, ಇನ್ನು ಶನಿ-ಕುಜರನ್ನ ಏನು ಕೇಳ್ತೀಯ?"

ಅವರು ಜಾತಕವನ್ನು ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡರು. ನಮ್ಮತ್ತೆ ಕನ್ನಡಕ ಏರಿಸಿ ಆ ಗೀಟನ್ನು ನೋಡಿದರು. "ನಮ್ಮ ಮದುವ್ಯಾಗ ಇವ್ರ ಮಾವನೂ ಕುದುರಿ ಮ್ಯಾಲಿಂದ ಬಿದ್ದಿದ್ರು. ಪುಣ್ಯಾ, ಯಾರೂ ಹಿಂಗ ಬರದಿಟ್ಟಿರಲಿಲ್ಲ."

ಎಲ್ಲರೂ ನಗುತ್ತಿರುವಾಗ ಹುಡುಗಿಯ ಅಪ್ಪ ಕಾಗದದ ಮೇಲೆ ಬಗ್ಗಿದರು. "ಅಲ್ಲಮ್ಮ, ಆ ದೊಡ್ಡ ಗೀಟಿಗೆ ಮುಂಚೆ ಇಲ್ಲಿ ಸಣ್ಣಗೆ, ಒಂದೇ ಸಮ ನಡುಗಿದೆಯಲ್ಲ, ಇದು ಬೆಟ್ಟದ್ದಾ?"

ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. "ಅಲ್ಲ ಅಪ್ಪಾ. ಬೆಟ್ಟ ಇವತ್ತು ಸುಮ್ಮನಿದೆ. ಅದು ಅಂಕಲ್."