ಕೊಸರಿಲ್ಲದ ಕೋಸು

ಬೆಳಗ್ಗೆ ಆರೂ ಕಾಲಿಗೆ ಗರಿಕಾಯಿ ಕೊಟ್ಟಿಗೆಯ ಬಾಗಿಲು ತೆರೆದು ಎಲೆಕೋಸುಗಳನ್ನು ಎಣಿಸಿದ. ಮೂವತ್ತೇಳು. ಎಡದಿಂದ ಎಣಿಸಿದ್ದರಿಂದ ತಪ್ಪಿರಬಹುದೆಂದು ಬಲದಿಂದ ಎಣಿಸಿದ. ಆಗಲೂ ಮೂವತ್ತೇಳು. ನಿನ್ನೆ ಸಂಜೆ ಸಾಲಿಗೆ ಹತ್ತರಂತೆ ನಾಲ್ಕು ಸಾಲು ಜೋಡಿಸಿದ್ದವನು ಅವನೇ. ಬಕೆಟ್ಟುಗಳಲ್ಲಿ ನೀರು ಕುಡಿಯುತ್ತ ನಿಂತಿದ್ದ ಬಿಳಿ ಸೇವಂತಿಗೆಯಲ್ಲೂ ಎರಡು ಕಟ್ಟು ಕಡಿಮೆಯಾಗಿದ್ದವು.

ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನವಾಯಿತು. ಒಂದು ತಿಂಗಳಿಂದ ನಡೆಯುತ್ತಿದ್ದ ಈ ಕಳವಿಗೆ ಇಂದು ಸಾಕ್ಷಿ ಸಿಗಲಿತ್ತು. ಪ್ರತಿ ಕೋಸಿನ ಬುಡಕ್ಕೂ ನೇರಳೆ ಬಣ್ಣದ ಸಣ್ಣ ಕತ್ತರಿ ಗುರುತು ಹಾಕಿದ್ದ; ಪ್ರತಿ ಹೂಕಟ್ಟಿಗೂ ನೀಲಿ ದಾರವನ್ನು ಸರಿಯಾಗಿ ಮೂರು ಸುತ್ತು ಸುತ್ತಿದ್ದ. ಈ ಗುಟ್ಟು ಬಲ್ಲವರು ಊರಿನಲ್ಲಿ ಇಬ್ಬರೇ: ಅವನು, ಮತ್ತು ಅವನ ಸಾಹ್ವಿರ ಜೋರಮ್.

ಸಾಹ್ವಿರನೆಂದರೆ ಬರಿಯ ಗೆಳೆಯನಲ್ಲ. ಗರಿಕಾಯಿಯ ಅಜ್ಜ ಸತ್ತಾಗ ಜೋರಮನ ಅಜ್ಜ ಸತ್ತವನ ನಡಿಗೆಯನ್ನೇ ಅಣಕಿಸಿ ಕುಂಟುತ್ತ ನಡೆದು, ಅಳುತ್ತಿದ್ದವರನ್ನೆಲ್ಲ ನಗಿಸಿದ್ದ. ಆ ಸಲುಗೆ ವಂಶದಲ್ಲಿ ಇಳಿದು ಬಂದಿತ್ತು. ಹೇಳದೆ ಮನೆಯೊಳಗೆ ಬರುವುದು, ಕೇಳದೆ ಬೇಕಾದ್ದನ್ನು ಎತ್ತಿಕೊಳ್ಳುವುದು, ನಾಲ್ಕು ಜನರೆದುರು ಗೇಲಿ ಮಾಡುವುದು, ಗೆಳೆಯನ ಹೆಸರು ಕೆಡುವ ಹೊತ್ತಿನಲ್ಲಿ ಅದನ್ನು ಕಾಯುವುದು, ಇಷ್ಟೂ ಸಾಹ್ವಿರನ ಕೆಲಸ. ಮೊದಲ ಮೂರನ್ನು ಜೋರಮ್ ಚಾಚೂ ತಪ್ಪದೆ ಮಾಡುತ್ತಿದ್ದ. ನಾಲ್ಕನೆಯದರ ಬಗ್ಗೆ ಗರಿಕಾಯಿ ಯೋಚಿಸಿರಲೇ ಇಲ್ಲ.

"ಮತ್ತೆ ಕಳವು!" ಎಂದು ಅವನು ಅಡುಗೆಮನೆಯ ಬಾಗಿಲಲ್ಲಿ ಸಾರಿದ.

ಊರವರೆಲ್ಲ ಮಾಯಿ, ಅಮ್ಮ, ಎಂದು ಕರೆಯುವ ಅವನ ಹೆಂಡತಿ ರುಫಾರೊ ಗಂಜಿ ತಿರುವುವುದನ್ನು ನಿಲ್ಲಿಸಲಿಲ್ಲ. "ಹೋದ್ರೆ ಹೋಗ್ಲಿ ಬಿಡಿ. ಊರೆಲ್ಲಾ ವ್ಯಾಪಾರಕ್ಕೆ ಕೊಸರು ಹಾಕ್ತಾರೆ. ಒಂದು ಈರುಳ್ಳಿ, ನಾಲ್ಕೆಲೆ ಸೊಪ್ಪು. ನೀವು ತಕ್ಕಡಿ ಮುಳ್ಳು ನೋಡ್ಕೊಂಡು ಸೊಪ್ಪಿನ ತುದಿ ಚಿವುಟಿ ವಾಪಸ್ ಇಟ್ಕೋತೀರಿ. ಆಚೆ ತಿರುವಲ್ಲಿ ತವೆಂಗ್ವಾ ಅಂಗಡಿ ಹಾಕಿದಾನೆ, ಗೊತ್ತಲ್ಲ?"

"ಹಾಕ್ಲಿ. ನಮ್ಮ ಗಿರಾಕಿ ಒಬ್ರಾದ್ರೂ ಆ ಕಡೆ ಹೋದ್ರಾ? ಇನ್ನೂ ಜಾಸ್ತಿ ಆಗಿದಾರೆ. ಯಾಕೆ ಹೇಳು? ತೂಕದ ಮೇಲಿನ ನಂಬಿಕೆ!"

ಗಿರಾಕಿಗಳೆಂದರೆ ಈ ಗುಡ್ಡದ ರಸ್ತೆಯ ಮೂವತ್ತು ಮನೆಗಳು. ಅವರು ನೂರು ಹೆಜ್ಜೆ ಮುಂದೆ ನಡೆದರೆ ಸಾಕು, ಗರಿಕಾಯಿಯ ಕೋಸು ಹಸುವಿನ ಪಾಲು, ಹೂವು ಗೊಬ್ಬರದ ಗುಂಡಿಯ ಪಾಲು. ಅದು ಅವನಿಗೂ ಗೊತ್ತಿತ್ತು. ಆದರೆ ಅಂದು ಮಣ್ಣಿಗೆ ಗುದ್ದಲಿ ತಾಕಿಸಬಾರದ ಚಿಸಿ ದಿನ. ಕೆಲಸವಿಲ್ಲದ ಕೈಗೆ ಅನುಮಾನವೇ ಗುದ್ದಲಿ. ಸಾಹ್ವಿರನನ್ನು ಜೊತೆಗೆ ಕರೆದುಕೊಂಡು ಅವನು ತನಿಖೆಗೆ ಹೊರಟ.

"ಮೊದಲು ಎಲ್ಲಿಗೆ?" ಎಂದ ಗರಿಕಾಯಿ.

"ಚಹಾ ಸಿಗೋ ಕಡೆಗೆ," ಎಂದ ಜೋರಮ್. "ಕಳ್ಳರೂ ಚಹಾ ಕುಡೀತಾರಲ್ವಾ?"

ಬಸ್ ನಿಲ್ದಾಣದ ಚಹಾದಂಗಡಿಯ ಮಾಯಿ ಶುವೈ ಇವರನ್ನು ಕಂಡವಳೇ ಬುಟ್ಟಿಯೊಂದನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದಳು. ಬುಟ್ಟಿ ವಾಲಿತು, ಕೋಸೊಂದು ಉರುಳಿ ಬುಡ ಮೇಲಾಗಿ ನಿಂತಿತು. ನೇರಳೆ ಗುರುತು ಗರಿಕಾಯಿಯನ್ನೇ ದುರುಗುಟ್ಟಿ ನೋಡಿತು.

"ಇದೆಲ್ಲಿಂದ ಬಂತು?" ಎಂದ ಗರಿಕಾಯಿ.

ಸಿಂಹದ ಕುಲದವನಾದ್ದರಿಂದ ಊರವರು ಅವನನ್ನು ಶುಂಬಾ, ಸಿಂಹವೇ, ಎಂದು ಗೌರವದಿಂದ ಕರೆಯುತ್ತಿದ್ದರು. ಮಾಯಿ ಶುವೈ ಒಂದು ಕಣ್ಣು ಮಿಟುಕಿಸಿದಳು. "ಅಯ್ಯೋ ಶುಂಬಾ, ನಿಮಗೆ ಗೊತ್ತಿಲ್ದೇ ಇರೋದಾ! ನಾನಂತೂ ಬಾಯಿ ಬಿಡಲ್ಲಪ್ಪ."

ಕಳ್ಳಿ ಕದ್ದದ್ದಲ್ಲದೆ ಗುಟ್ಟು ಕಾಯುವ ಭರವಸೆಯನ್ನೂ ಕೊಡುತ್ತಿದ್ದಾಳೆ! ಗರಿಕಾಯಿಯ ಚಹಾ ಆರಿತು. ಅದನ್ನೂ ಜೋರಮನೇ ಕುಡಿದ.

ಶಾಲೆಯ ಕಟಿಯೊ ಮೇಷ್ಟ್ರ ಮನೆಯಲ್ಲಿ ಬಿಳಿ ಸೇವಂತಿಗೆ ಗಾಜಿನ ಲೋಟದಲ್ಲಿ ನಗುತ್ತಿತ್ತು. ನೀಲಿ ದಾರ, ಮೂರು ಸುತ್ತು. ಗರಿಕಾಯಿ ಬೆರಳು ತೋರಿಸಿ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.

"ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು, ಶುಂಬಾ. ನಾನು ಮಕ್ಕಳಿಗೂ ಇದನ್ನೇ ಕಲಿಸೋದು."

"ಮಕ್ಕಳಿಗೂ?" ಗರಿಕಾಯಿ ಜಗಲಿಯ ಕಂಬ ಹಿಡಿದುಕೊಂಡ.

ದರ್ಜಿ ಸೆಕಯಿಯ ಮನೆಯಲ್ಲಿ ಕೋಸು ಆಗಲೇ ಒಲೆಯ ಮೇಲಿತ್ತು. ಗುರುತಿದ್ದ ಬುಡ ಮಾತ್ರ ಕಸದಲ್ಲಿ ಸಿಕ್ಕಿತು. ಅವಳು ಅವನನ್ನು ಕಂಡು ನಾಚಿ, ಸೆರಗಿಲ್ಲದ್ದರಿಂದ ಹೊಲಿಯುತ್ತಿದ್ದ ಅಂಗಿಯಲ್ಲೇ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

"ಇಡೀ ಊರೇ ಕಳ್ಳರ ಸಂತೆ ಕಣೋ," ಎಂದ ಗರಿಕಾಯಿ, ದಾರಿಯಲ್ಲಿ ನಿಂತು ಬೆವರೊರೆಸಿಕೊಳ್ಳುತ್ತ. "ನನ್ನನ್ನೂ ನಿನ್ನನ್ನೂ ಬಿಟ್ಟು."

"ನನ್ನನ್ಯಾಕೆ ಬಿಡ್ತೀಯಾ? ನನ್ನೂ ಸೇರಿಸ್ಕೋ. ಊರೆಲ್ಲಾ ಇರೋ ಕಡೆ ನಾನೊಬ್ಬನೇ ಇಲ್ಲಾಂದ್ರೆ ಮರ್ಯಾದೆ ಏನಾಗ್ಬೇಕು?"

"ತಮಾಷೆ ಸಾಕು. ನ್ಯಾಯ ಸೇರಿಸ್ತೀನಿ."

"ಸೇರಿಸು, ಸೇರಿಸು. ಸಿಂಹ ಗರ್ಜಿಸಿ ಬಹಳ ದಿನ ಆಯ್ತು."

ಮಧ್ಯಾಹ್ನ ಮೂರಕ್ಕೆ ಮುಹಾಚ ಮರದ ಕೆಳಗೆ ಊರು ನೆರೆಯಿತು. ಚಿಸಿ ದಿನವಾದ್ದರಿಂದ ಬಾರದವರೇ ಇರಲಿಲ್ಲ. ತಿರುವಿನ ತವೆಂಗ್ವಾ ಕೂಡ ಹಿಂದಿನ ಸಾಲಿನಲ್ಲಿ ಕೊಕ್ಕರೆಯಂತೆ ಕತ್ತು ಚಾಚಿ ನಿಂತಿದ್ದ. ಊರ ಮುಖ್ಯಸ್ಥ ಸಬುಕು ಅಜ್ಜ ತನ್ನ ಕುರ್ಚಿಯಲ್ಲಿ ಕುಳಿತು, "ಹೇಳಪ್ಪಾ," ಎಂದ.

ಗರಿಕಾಯಿ ಕಸದಿಂದ ಎತ್ತಿ ತಂದ ಕೋಸಿನ ಬುಡವನ್ನೂ ತನ್ನ ನೀಲಿ ದಾರದ ಉಂಡೆಯನ್ನೂ ನೆಲದ ಮೇಲೆ ಒಂದರ ಪಕ್ಕ ಒಂದಿಟ್ಟು, ಗುರುತು ಹಾಕಿದ ಬಗೆಯನ್ನು ಕ್ರಮವಾಗಿ ವಿವರಿಸಿ, ಕೊನೆಗೆ ಗಂಟಲೇರಿಸಿದ. "ನನ್ನ ಮಾಲು ಕದ್ದವರು ಇಲ್ಲೇ ಕೂತಿದಾರೆ!"

ಮಾಯಿ ಶುವೈ ಎದ್ದಳು. ಅವಳ ಮುಖದಲ್ಲಿ ಬೆಳಗಿನ ನಗೆಯಿರಲಿಲ್ಲ.

"ಕದ್ದಿದ್ದಾ? ನೀವೇ ಕಳಿಸಿದ ಕೊಸರಲ್ವಾ ಅದು?"

"ನಾನಾ?"

"ಮತ್ತೆ? ತಿಂಗಳಿಂದ ಏನು ತಗೊಂಡ್ರೂ ಸಂಜೆಗೆ ಜೋರಮಣ್ಣ ಮನೆಗೇ ಕೊಸರು ತಂದ್ಕೊಡ್ತಾನೆ. 'ಗರಿಕಾಯಿ ಕಳಿಸಿದ್ದು. ಎಲ್ಲರೆದುರು ಕೊಟ್ರೆ ಹೊಗಳ್ತಾರೆ ಅಂತ ನಾಚಿಕೆ ಅವನಿಗೆ. ಅವನ ಹತ್ರ ಮಾತ್ರ ಎತ್ತಬೇಡಿ' ಅಂತ. ಅದಕ್ಕೇ ಅಲ್ವಾ ನಾವೆಲ್ಲಾ ನಿಮ್ಮಲ್ಲೇ ಕೊಳ್ಳೋದು? ಇಲ್ದಿದ್ರೆ ಆ ಹಾಳು ತಕ್ಕಡಿ ಮುಂದೆ ಯಾರ್ರೀ ನಿಲ್ತಾರೆ?"

"ನಮ್ಮನೆಗೂ ನಿನ್ನೆ ಒಂದು ಕೋಸು ಬಂದಿತ್ತು," ಎಂದು ಸಬುಕು ಅಜ್ಜ ಕೆಮ್ಮಿದ. "ಚೆನ್ನಾಗಿತ್ತು."

ಗರಿಕಾಯಿ ನಿಧಾನವಾಗಿ ಜೋರಮನ ಕಡೆ ತಿರುಗಿದ. ಜೋರಮ್ ಹುಲ್ಲುಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದ.

"ಬೆಳಗ್ಗೆಯಿಂದ ನಿನ್ನ ಜೊತೇಲೇ ಇದೀನಿ," ಎಂದ ಜೋರಮ್ ಮೆಲ್ಲಗೆ. "ಊರನ್ನೆಲ್ಲಾ ಕೇಳ್ದೆ. ನನ್ನೊಬ್ಬನ್ನ ಕೇಳ್ಲಿಲ್ಲ. ಸೇರಿಸ್ಕೋ ಅಂತಾನೂ ಅಂದೆ."

ಸಾಹ್ವಿರ ಎತ್ತಿಕೊಂಡದ್ದನ್ನು ಕಳವೆಂದು ಕರೆಯುವ ನ್ಯಾಯ ಆ ಗುಡ್ಡಗಳಲ್ಲಿ ಎಂದೂ ಕೂತಿರಲಿಲ್ಲ.

ಸಬುಕು ಅಜ್ಜ ಕೋಲಿನಿಂದ ನೆಲ ತಟ್ಟಿದ. "ಒಂದೇ ಮಾತು ಹೇಳು. ಆ ಕೊಸರು ನೀನು ಕಳಿಸಿದ್ದೋ, ಅಲ್ವೋ?"

ಗರಿಕಾಯಿ ಮೂವತ್ತು ಮನೆಗಳ ಮುಖ ನೋಡಿದ. ಅವುಗಳ ಹಿಂದೆ ತವೆಂಗ್ವಾನ ಕತ್ತು ಇನ್ನೊಂದು ಗೇಣು ಉದ್ದವಾಗಿತ್ತು. ಅವನು ಆಗಲೇ ಸಣ್ಣಗೆ ನಗುತ್ತಿದ್ದ.

"ಹೌ... ಹೌದು," ಎಂದ ಗರಿಕಾಯಿ, ಬಿಸಿ ಗೆಣಸು ನುಂಗಿದವನಂತೆ. "ನಾನೇ ಕಳಿಸಿದ್ದು."

ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಕೂಗಿ ಹರಸಿದರು. ಕಟಿಯೊ ಮೇಷ್ಟ್ರು ಕಣ್ಣೊರೆಸಿಕೊಂಡರು. ತವೆಂಗ್ವಾನ ಕತ್ತು ಮತ್ತೆ ಭುಜದೊಳಗೆ ಇಳಿಯಿತು.

"ಹಾಗಾದ್ರೆ ಕಳವೇ ಆಗಿಲ್ಲ," ಎಂದ ಸಬುಕು ಅಜ್ಜ. "ಕಳವಾಗದೆ ನ್ಯಾಯ ಸೇರಿಸಿದ್ದಕ್ಕೆ ಒಂದು ಕೋಳಿ ದಂಡ, ಸಂಜೆ ಒಳಗೆ ನಮ್ಮನೆಗೆ ತಲುಪಿಸು. ಇನ್ಮೇಲೆ ಈ ನಾಚಿಕೆ ಗೀಚಿಕೆ ಬಿಟ್ಟು ಎಲ್ಲರೆದುರು ಧಾರಾಳವಾಗಿ ಕೊಡು."

ಗರಿಕಾಯಿ ಮನೆಗೆ ಬಂದ. ಮಾಯಿ ರುಫಾರೊ ತಕ್ಕಡಿಯನ್ನು ಆಗಲೇ ಅಟ್ಟಕ್ಕೆ ಹಾಕಿದ್ದಳು. ಅವನು ಕೋಳಿಗೂಡಿನಲ್ಲಿ ಎಲ್ಲಕ್ಕಿಂತ ಸಣಕಲು ಹುಂಜವನ್ನು ಆರಿಸಿ, ಕಾಲು ಕಟ್ಟಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಬಂದ. ಗೂಡಿನ ಇನ್ನೊಂದು ಬಾಗಿಲಿನಿಂದ ಜೋರಮ್ ಹೊರಬರುತ್ತಿದ್ದ. ಅವನ ಕಂಕುಳಲ್ಲಿ ಮೊಟ್ಟೆಯಿಡುವ ಕೊಬ್ಬಿದ ಕೆಂಪು ಹೇಂಟೆ ಕೊಕ್ಕೊಕ್ಕೆನ್ನುತ್ತಿತ್ತು.

"ದಂಡದ ಕೋಳಿ ಇಲ್ಲಿದೆಯಲ್ಲೋ!" ಎಂದು ಗರಿಕಾಯಿ ಅರಚಿದ. "ಅದ್ಯಾಕೆ?"

"ದಂಡಕ್ಕೆ ಕೊಸರು ಬೇಡ್ವೇನೋ?" ಎಂದ ಜೋರಮ್, ಆಗಲೇ ರಸ್ತೆಗಿಳಿಯುತ್ತ. "ನೀನೇ ಕಳಿಸಿದ್ದು ಅಂತೀನಿ. ಅಜ್ಜನ ಹತ್ರ ಮಾತ್ರ ಎತ್ತಬೇಡ, ನಿಂಗೆ ನಾಚಿಕೆ."