ಬಿಪಿ ಕೊಡಲು ಗುಡ್ಡ ಹತ್ತಿದವರು

ವೈದ್ಯಕೀಯ ಸಂಶೋಧನೆ ಬಹಳ ಗಂಭೀರವಾದ ಕೆಲಸ ಎಂದುಕೊಂಡವರು ನಮ್ಮ ಜೊತೆ ಒಂದು ವಾರ ಇದ್ದು ನೋಡಬೇಕು. ನಗು ಬೇಡವೆಂದರೂ ಹುಡುಕಿಕೊಂಡು ಬರುತ್ತದೆ.

ಆಗ ನಾನು ಎಂ.ಡಿ. ವಿದ್ಯಾರ್ಥಿನಿ. ಉಪ್ಪು ಕಡಿಮೆ ಮಾಡಿದರೆ ಬಿಪಿ ಇಳಿಯುತ್ತದೆಯೇ ಎಂದು ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ನೋಡುವುದು ನನ್ನ ಪ್ರಬಂಧ. ಅರ್ಧದಾರಿಯಲ್ಲಿ ಕೊರೋನಾ ಬಂತು, ಓಡಾಟ ನಿಂತಿತು. "ಅರ್ಧ ಜನ ಕೈಬಿಟ್ಟರೆ ಪ್ರಬಂಧ ಮುಚ್ಚಮ್ಮ, ಮೊದಲಿಂದ ಶುರುಮಾಡು" ಎಂದರು ನಮ್ಮ ಪ್ರೊಫೆಸರ್. ಅಷ್ಟು ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ನನಗೂ ಹಠ ಬಂತು. ಆಶಾ ಕಾರ್ಯಕರ್ತೆಯರ ಕೈಯಲ್ಲಿ ಬಿಪಿ ಮಿಷನ್ ಕಳಿಸಿ, ಫೋನಿನಲ್ಲೇ ಅಂಕಿ ಬರೆದುಕೊಳ್ಳತೊಡಗಿದೆ.

ತುಮರಿ

ಮೊದಲ ವಾರವೇ ತುಮರಿ ಕಡೆಯವರ ಬಿಪಿಯೆಲ್ಲ ಆಕಾಶಕ್ಕೇರಿತ್ತು. ಪ್ರೊಫೆಸರ್ ಗಾಬರಿಯಾದರು. ನಾನು ಒಬ್ಬ ಅಜ್ಜನಿಗೆ ಫೋನ್ ಮಾಡಿ, "ಮಿಷನ್ ಕೆಟ್ಟಿದೆಯಾ ಅಜ್ಜ?" ಎಂದೆ.

ಅಜ್ಜ ಏದುಸಿರು ಬಿಡುತ್ತಾ ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು: "ಮಿಷನ್‌ಗೆ ಎಂತೂ ಆಯ್ದಿಲ್ಲೆ ತಂಗೀ. ನೆಟ್‌ವರ್ಕ್ ಗುಡ್ಡದ ಮೇಲೆ ಇದ್ದು. ಎಂಗೊ ಎಲ್ಲ ಮಿಷನ್ ಹೊತ್ಗಂಡು ಹತ್ತಿ, ಇಲ್ಲೇ ನೋಡಿ ಹೇಳ್ತಾ ಇದ್ದ್ಯ!"

ಮರುದಿನದಿಂದ ಮನೆಯಲ್ಲೇ ಬಿಪಿ ನೋಡಿದರು; ಬರೆದ ಚೀಟಿ ಮಾತ್ರ ಗುಡ್ಡ ಹತ್ತಿತು. ಒಂದೇ ದಿನದಲ್ಲಿ ಇಡೀ ಊರು ಗುಣವಾಯಿತು.

ಹುಲಿಕಲ್

ಬಿಪಿ ನೋಡುವ ಮೊದಲು ಐದು ನಿಮಿಷ ಮಾತಾಡದೆ ಕೂರಬೇಕೆಂಬುದು ನಿಯಮ. ಹುಲಿಕಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ಜಗುಲಿಯ ಮೇಲೆ ಹಾಗೆ ಕೂತರು. ಅವರು ಮಾತು ನಿಲ್ಲಿಸಿದ್ದನ್ನು ಊರು ಕಂಡೇ ಇರಲಿಲ್ಲ. ಪಕ್ಕದ ಮನೆಯವರು ನನಗೆ ಫೋನ್ ಹಚ್ಚಿ, "ಡಾಕ್ಟ್ರೇ, ಮೇಷ್ಟ್ರು ಬಾಯೇ ಬಿಡ್ತಿಲ್ಲ. ಕೊರೋನಾ ಇರ್ಬೋದಾ?" ಎಂದರು.

ನಿಯಮ ವಿವರಿಸಿದೆ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಫೋನ್ ಇಸಿದುಕೊಂಡು ಮೆಲ್ಲಗೆ ಕೇಳಿದರು: "ಅದನ್ನ ಅರ್ಧ ಗಂಟೆ ಮಾಡೋಕಾಗುತ್ತಾ? ಅವ್ರದ್ದು ಗೊತ್ತಿಲ್ಲ, ನನ್ನ ಬಿಪಿ ಇಳ್ದಿದೆ."

ಕವಲೇದುರ್ಗ

ಕೊನೆಗೆ ಪರೀಕ್ಷಕರು ಆನ್‌ಲೈನಿನಲ್ಲಿ ಕೂತರು. ಉಳಿದ ವಿದ್ಯಾರ್ಥಿಗಳೆಲ್ಲರ ಅಧ್ಯಯನದಲ್ಲೂ ಜನ ಅರ್ಧಕ್ಕೇ ಬಿಟ್ಟುಹೋಗಿದ್ದರು; ನನ್ನ ಪಟ್ಟಿಯಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಮನೇಲಿ ಕೂತು ನೀವೇ ಅಂಕಿ ಬರೆದ್ರೇನಮ್ಮ?" ಎಂದರು.

"ಯಾರಿಗೆ ಬೇಕಾದರೂ ಫೋನ್ ಮಾಡಿ ಕೇಳಿ ಸರ್" ಎಂದೆ.

ಅವರು ಪಟ್ಟಿಯಲ್ಲಿ ಕಣ್ಣಾಡಿಸಿ ಕವಲೇದುರ್ಗದ ಕೋಟೆಯ ಕೆಳಗಿನ ಊರಿನ ಒಬ್ಬ ಅಜ್ಜಿಯನ್ನು ಆರಿಸಿದರು. ಸ್ಪೀಕರ್ ಹಾಕಿ ಫೋನ್ ಹಚ್ಚಿದೆ. ಅಜ್ಜಿ, "ಕ್ಯಾಲೆಂಡರಲ್ಲಿ ಬರ್ದಿಟ್ಟಿದೀನಿ, ತಡೀರಿ" ಎಂದು ವಾರವಾರದ ಅಂಕಿಯನ್ನು ಮಗ್ಗಿ ಒಪ್ಪಿಸಿದಂತೆ ಓದಿದರು. ಒಂದೂ ತಪ್ಪಿರಲಿಲ್ಲ. ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟರು. ನನಗೆ ಅಳುವೇ ಬಂತು.

ಫೋನ್ ಇಡುವ ಮುಂಚೆ ಪರೀಕ್ಷಕರು ಕುತೂಹಲಕ್ಕೆ ಕೇಳಿದರು: "ಅಜ್ಜೀ, ಬೇರೆ ಕಡೆ ಎಲ್ಲ ತಪ್ಪಿಸ್ಕೊಂಡಿದ್ದಾರೆ. ನಿಮ್ಮೂರಲ್ಲಿ ಒಬ್ರೂ ಯಾಕೆ ತಪ್ಪಿಸ್ಕೊಳ್ಳಲಿಲ್ಲ?"

"ತಪ್ಪಿಸ್ಕಂಡು ಹೋಗೋದಾದ್ರೂ ಎಲ್ಲಿಗೆ ಮಾರಾಯ್ರೆ? ಬಸ್ಸೇ ಇಲ್ವಲ್ಲ!"