ಮಾವನ ಕೊನೆಯ ನೀರು

ಬಚ್ಚಲ ನೀರನ್ನು ಬೀದಿ ಚರಂಡಿಗೆ ಬಿಡದೆ, ಜಲ್ಲಿ ಮರಳಿನ ಗುಂಡಿಯಲ್ಲಿ ಸೋಸಿ ಹಿತ್ತಲ ಕುಂಬಳದ ಬಳ್ಳಿಗೆ ತಿರುಗಿಸಿದ್ದೇ ಮನೆಯಳಿಯನ ತಪ್ಪಾಯಿತು. ಆ ಮನೆಯಲ್ಲಿ ಅವನದು ಅಂತ ಇದ್ದದ್ದು ಆ ಒಂದು ಪಾತಿ. ಮಾವನಿಗೆ ಅದನ್ನು ಕಂಡರಾಗದು. "ಬಚ್ಚಲು ಕುಡಿದು ಬೆಳೆದದ್ದನ್ನ ನಾನು ತಿನ್ನಬೇಕಾ?" ಎಂದು, ಹಿತ್ತಲಿಗೆಲ್ಲ ಸಿಮೆಂಟು ಬಳಿಸಲು ಗಾರೆಯವನಿಗೆ ಹೇಳಿದ್ದ. ನಾಳೆ ಕೆಲಸ ಶುರು ಎನ್ನುವಾಗ, ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದು ಹೋಗಿಬಿಟ್ಟ.

ಅಳಿಯ ಎಲ್ಲರ ಜೊತೆ ಅತ್ತ. ಆದರೆ ಪಾತಿ ಉಳಿಯಿತಲ್ಲ ಎಂಬ ಸಮಾಧಾನ ಎದೆಯ ಮೂಲೆಯಲ್ಲಿ ಹಾಲು ಕದ್ದ ಬೆಕ್ಕಿನ ಹಾಗೆ ಮುದುರಿ ಕೂತಿತ್ತು.

ಹೆಣವನ್ನು ಬಚ್ಚಲಿಗೆ ತಂದಾಗ ಎದುರುಮನೆ ಟೈಲರು ಅಳಿಯನ ಕಿವಿಯಲ್ಲಿ ಉಸುರಿದ. "ಈ ನೀರು ಎಲ್ಲಿಗೆ ಹೋಗತ್ತೆ ಗೊತ್ತಾ? ಸೀದಾ ನಿಮ್ಮ ಕುಂಬಳಕ್ಕೆ! ಆಮೇಲೆ ಬಿಟ್ಟಿ ಕೊಟ್ರೂ ಒಬ್ರೂ ಮುಟ್ಟಲ್ಲ."

ಅಳಿಯನ ಮುಖ ಬಿಳಿಚಿತು. ಹಳೇ ಬನಿಯನ್ನು ಸುರುಳಿ ಸುತ್ತಿ ಪಾತಿಗೆ ಹೋಗುವ ಕೊಳವೆಯ ಬಾಯಿಗೆ ತುರುಕಿದ. ಬೀದಿ ಕಡೆಯ ಬಾಯನ್ನಂತೂ ಅವನೇ ಎಂದೋ ಮುಚ್ಚಿದ್ದ. ನೀರು ನಿಂತಿತು. ಸ್ನಾನ ಮಾಡಿಸುವವರ ಪಾದ ಮುಳುಗಿತು.

"ಏನ್ರೀ ಇದು? ಸ್ನಾನ ಮಾಡಿಸೋದಾ, ಈಜಿಸೋದಾ?"

ಹೆಣ ಅಂಗಳಕ್ಕೆ ಹೋದ ಮೇಲೆ ಅವನು ಚೊಂಬಿನಲ್ಲಿ ಮೊಗೆದು ಬಕೆಟ್ಟು ತುಂಬಿಸಿದ. ಚರಂಡಿಯ ಬಳಿ ಟೈಲರೇ ಅಡ್ಡ ನಿಂತ. "ನನ್ನ ಅಂಗಡಿ ಮುಂದೆ ಬೇಡ ಸ್ವಾಮಿ, ಗಿರಾಕಿ ಬರೋ ಹೊತ್ತು." ಪಕ್ಕದ ಮನೆಯ ಅಜ್ಜಿ ಪೊರಕೆ ಎತ್ತಿದಳು. "ಬದುಕಿದ್ದಾಗ ಒಂದಿನ ಮಾತಾಡಿಸ್ಲಿಲ್ಲ ನಿನ್ನ ಮಾವ. ಈಗ ಮನೆ ಬಾಗಿಲಿಗೇ ಬರ್ತಾನಾ?"

ಉಳಿದದ್ದು ರೈಲು ಹಳಿಯಾಚೆಯ ಹಳ್ಳ. ಹೊತ್ತು ಹಾಕಿ ಹೊತ್ತು ಹಾಕಿ ಬೆನ್ನು ಬಿಲ್ಲಾಯಿತು. ಒಮ್ಮೆ ಜಾರಿ ಅರ್ಧ ಬಕೆಟ್ಟು ಮಾವನನ್ನು ತಲೆಯ ಮೇಲೇ ಸುರಿದುಕೊಂಡ. ಹೆಣ ಎತ್ತುವ ಹೊತ್ತಿಗೆ "ಅಳಿಯ ಎಲ್ಲಿ?" ಎಂದು ಕೂಗೆದ್ದಿತು. ತೊಪ್ಪೆಯಾಗಿ ಏದುಸಿರು ಬಿಡುತ್ತ ಬಂದವನನ್ನು ಕಂಡು, "ಪಾಪ, ಎಷ್ಟು ಅತ್ತಿದಾನೆ ನೋಡಿ" ಎಂದರು.

ಮಣ್ಣು ಮುಗಿಸಿ ಬಂದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಪಾತಿಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಗಾರೆಯವನು ಕೈಕಟ್ಟಿ ನಿಂತಿದ್ದ.

"ಅಳಿಯಂದ್ರೇ, ಅವರ ಕೊನೇ ನೀರು ಇಲ್ಲಿಗೇ ಬಂತಲ್ವಾ?"

"ಇಲ್ಲ ಅತ್ತೆ! ಒಂದು ಹನೀನೂ ಬಿಡ್ಲಿಲ್ಲ. ಎಲ್ಲಾ ನಾನೇ ಹೊತ್ತು ಹಳ್ಳಕ್ಕೆ ಸುರಿದು ಬಂದೆ." ಅಳಿಯ ಎದೆಯುಬ್ಬಿಸಿದ.

ಅತ್ತೆ ಪಾತಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು.

"ಅವರು ಈ ಮಣ್ಣಿಗೆ ಇಳಿದಿದಾರೆ, ನಾನಿರೋ ತನಕ ಇದರ ಮೇಲೆ ಒಂದು ಬಾಣಲಿ ಸಿಮೆಂಟು ಬೀಳೋಕೆ ಬಿಡಲ್ಲ ಅಂದ್ಕೊಂಡಿದ್ದೆ. ಕೆಲಸ ಬೇಡ ಅನ್ನೋಕೇ ಇವನನ್ನ ಕರೆಸಿದ್ದು." ಅಂಗೈಯಿಂದ ಕಣ್ಣೊರೆಸಿಕೊಂಡು ಗಾರೆಯವನ ಕಡೆ ತಿರುಗಿದಳು. "ಅವರೇ ಇಲ್ಲಿಲ್ಲ ಅಂದ್ಮೇಲೆ ಇಲ್ಲೇನಿದೆ? ನಾಳೆ ಬಾರಪ್ಪ. ಅವರ ಮಾತಾದ್ರೂ ಉಳೀಲಿ."

ಗಾರೆಯವನು ಜೇಬಿನಿಂದ ಅಳತೆಯ ಟೇಪು ತೆಗೆದು ಒಂದು ತುದಿಯನ್ನು ಅಳಿಯನ ಕೈಗಿಟ್ಟ.

"ಬಳ್ಳಿ ಆಚೆ ಹೋಗಿ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ ಸ್ವಾಮಿ."